ಸೂಜಿಯ ಗಾಯ, ಬೆಳಕಿನ ಗಾಯ: ಮೈಕ್ರೋನೀಡ್ಲಿಂಗ್ ಮತ್ತು ಲೇಸರ್‌ಗಳಲ್ಲಿ ಯಾವುದು ಯಾರಿಗೆ?

ಮುಖದ ಮೇಲೆ ಬೆಳ್ಳಗೆ ಎದ್ದು ಕಾಣುವ ಗಾಯದ ಕಲೆಯನ್ನು ಮರೆಮಾಚಲು ಪ್ಲಾಸ್ಟಿಕ್ ಸರ್ಜನ್‌ಗಳ ಬಳಿ ಒಂದು ಉಪಾಯವಿತ್ತು: ಅದರ ಮೇಲೆ ಮೈಬಣ್ಣದ್ದೇ ಹಚ್ಚೆ ಹಾಕಿಬಿಡುವುದು. ಕೆನಡಾದ ಕಾಮಿರಾಂಡ್ ಮತ್ತು ಡೂಸೆ ಎಂಬಿಬ್ಬರು ಹೀಗೆ ಹಚ್ಚೆ ಹಾಕಿ ಕಳುಹಿಸಿದವರನ್ನು ಒಂದೆರಡು ವರ್ಷ ಬಿಟ್ಟು ನೋಡಿದಾಗ ಒಂದು ವಿಚಿತ್ರ ಕಂಡಿತು. ತುಂಬಿದ ಬಣ್ಣ ಮಾಸಿಹೋಗಿತ್ತು. ಆದರೂ ಕಲೆ ಮೊದಲಿಗಿಂತ ಮೆತ್ತಗಾಗಿ, ಸುತ್ತಲಿನ ಚರ್ಮಕ್ಕೆ ಹೊಂದಿಕೊಂಡಿತ್ತು. ಅಂದರೆ ಕೆಲಸ ಮಾಡಿದ್ದು ಬಣ್ಣವಲ್ಲ, ಸೂಜಿ. ಆಮೇಲೆ ಅವರು ಶಾಯಿಯೇ ಇಲ್ಲದ ಹಚ್ಚೆ ಯಂತ್ರದಿಂದ ಕಲೆಗಳನ್ನು ಚುಚ್ಚಿ ನೋಡಿದರು, 1997ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಓರೆನ್‌ಟ್ರೈಕ್‌ಗಳು ಚರ್ಮದಡಿ ಸೂಜಿ ತೂರಿಸಿ, ಗುಳಿಬಿದ್ದ ಕಲೆಯನ್ನು ಕೆಳಕ್ಕೆ ಜಗ್ಗುತ್ತಿರುವ ನಾರುಗಳನ್ನು ಕತ್ತರಿಸುವ 'ಸಬ್‌ಸಿಷನ್' ವಿಧಾನವನ್ನು ವಿವರಿಸಿದ್ದರು. ಇವೆರಡನ್ನೂ ಮುಂದಕ್ಕೊಯ್ದು, ಮುಳ್ಳುಗಳಿರುವ ಪುಟ್ಟ ಉರುಳೆಯನ್ನು ರೂಪಿಸಿದವರು ದಕ್ಷಿಣ ಆಫ್ರಿಕಾದ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್. ಇಂದು ಮೈಕ್ರೋನೀಡ್ಲಿಂಗ್ ಎಂದು ಕರೆಯುವುದರ ವಂಶವೃಕ್ಷ ಇಷ್ಟೇ. ಕಸುಬುದಾರರು ಕಣ್ಣಿಟ್ಟು ನೋಡಿದ್ದರಿಂದ ಸಿಕ್ಕ ವಿದ್ಯೆ ಇದು.

ಲೇಸರ್ ಬಂದದ್ದು ತದ್ವಿರುದ್ಧ ದಿಕ್ಕಿನಿಂದ. ಮೊದಲು ಸಿದ್ಧಾಂತ ಹುಟ್ಟಿತು, ಯಂತ್ರ ಆಮೇಲೆ ಬಂತು, ಯಾವ ಕಾಯಿಲೆಗೆ ಬಳಸಬೇಕು ಎಂಬ ಹುಡುಕಾಟ ಎಲ್ಲಕ್ಕಿಂತ ಕೊನೆಗೆ. ಐನ್‌ಸ್ಟೈನ್ 1917ರಲ್ಲಿ ಕಾಗದದ ಮೇಲೆ ಹೇಳಿದ್ದನ್ನು ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಮಾಡಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಆ ಬೆಳಕನ್ನು ಚರ್ಮದ ಮೇಲೆ ಬಿಟ್ಟು ನೋಡತೊಡಗಿದರು. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಕಂಡುಹಿಡಿದ ಕಾರ್ಬನ್ ಡೈಆಕ್ಸೈಡ್ ಲೇಸರ್ ಇಂದಿಗೂ ಚರ್ಮದ ಕ್ಲಿನಿಕ್‌ಗಳ ದೊಡ್ಡಣ್ಣ.

'ಎರಡರಲ್ಲಿ ಯಾವುದು ಒಳ್ಳೆಯದು?' ಎಂದು ಬಹಳ ಮಂದಿ ಕೇಳುತ್ತಾರೆ. ನನ್ನ ಪ್ರಕಾರ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಸೂಜಿಗೆ ಗೊತ್ತಿರುವುದು ಆಳವೊಂದೇ. ಲೇಸರ್‌ಗೆ ಬಣ್ಣ ಗೊತ್ತು, ನೀರು ಗೊತ್ತು, ಆದರೆ ಅದು ಎಲ್ಲಿಗೆ ಹೋದರೂ ಶಾಖವನ್ನು ಜೊತೆಗೆ ಒಯ್ಯುತ್ತದೆ. ನಿಮ್ಮ ತೊಂದರೆ ಚರ್ಮದ ಆಕಾರದ್ದೋ ಬಣ್ಣದ್ದೋ, ನಿಮ್ಮ ಮೈಬಣ್ಣ ಆ ಶಾಖವನ್ನು ತಾಳುತ್ತದೆಯೋ ಇಲ್ಲವೋ, ಇದರ ಮೇಲೆ ಎಲ್ಲವೂ ನಿಂತಿದೆ. ಉಳಿದದ್ದೆಲ್ಲ ಇದರದೇ ವಿಸ್ತಾರ.

ಬೇಕೆಂದೇ ಮಾಡುವ ಗಾಯ

ಚರ್ಮದಲ್ಲಿ ನಮಗಿಲ್ಲಿ ಬೇಕಾದವು ಎರಡು ಪದರ. ಮೇಲಿನ ಹೊರಚರ್ಮ ಮುಖದಲ್ಲಿ ಹೆಚ್ಚೆಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ, ರೆಪ್ಪೆಯ ಮೇಲೆ ಅದಕ್ಕೂ ತೆಳು. ಮೈಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಈ ಪದರದ ಅಡಿಪಾಯದಲ್ಲಿ ಸಾಲಾಗಿ ಕೂತಿವೆ. ಅದರ ಕೆಳಗೆ ಒಂದೆರಡು ಮಿಲಿಮೀಟರ್ ದಪ್ಪದ ಒಳಚರ್ಮ. ಮುಖಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರು, ರಕ್ತನಾಳ, ಕೂದಲ ಬೇರು ಎಲ್ಲ ಅಲ್ಲಿವೆ. ವಯಸ್ಸಾದಂತೆ ಈ ನಾರು ಸವೆಯುತ್ತದೆ, ಬಿಸಿಲು ಅದನ್ನು ಇನ್ನಷ್ಟು ಬೇಗ ಸವೆಸುತ್ತದೆ. ದೊಡ್ಡ ಮೊಡವೆ ಕೀವುಗಟ್ಟಿ ಒಡೆದಲ್ಲಿ ನಾರು ನಾಶವಾಗಿ ಗುಳಿ ಬೀಳುತ್ತದೆ. ಮೇಲಿನಿಂದ ಕ್ರೀಮ್ ಹಚ್ಚಿ ಈ ಗುಳಿ ತುಂಬಿಸುತ್ತೇವೆ ಎಂದರೆ, ಸುಣ್ಣ ಬಳಿದು ಗೋಡೆಯ ಒಳಗಿನ ಇಟ್ಟಿಗೆ ಸರಿಮಾಡುತ್ತೇವೆ ಎಂದಂತೆ.

ಒಳಚರ್ಮಕ್ಕೆ ಹೊಸ ನಾರು ಹೆಣೆಯಬೇಕಾದ ತುರ್ತು ಬರುವುದು ಗಾಯವಾದಾಗ. ಸೂಜಿ ಚುಚ್ಚಿದಲ್ಲಿ ಒಂದು ಹನಿ ರಕ್ತ ಜಿನುಗುತ್ತದೆ, ಪ್ಲೇಟ್‌ಲೆಟ್‌ಗಳು ಬಂದು ಸೇರುತ್ತವೆ, ಬೆಳವಣಿಗೆಗೆ ಪ್ರಚೋದನೆ ಕೊಡುವ ರಾಸಾಯನಿಕಗಳನ್ನು ಬಿಡುತ್ತವೆ. ಆ ಕರೆಗೆ ಓಗೊಟ್ಟು ಬರುವ ಫೈಬ್ರೋಬ್ಲಾಸ್ಟ್ ಎಂಬ ನೇಕಾರ ಕೋಶಗಳು ಮೊದಲು ಅವಸರದಲ್ಲಿ ತೆಳುವಾದ ಮೂರನೇ ಬಗೆಯ ಕೊಲಾಜೆನ್ ಹಾಕಿ ಜಾಗ ಮುಚ್ಚುತ್ತವೆ, ಆಮೇಲೆ ತಿಂಗಳುಗಟ್ಟಲೆ ಕೂತು ಅದನ್ನು ಗಟ್ಟಿಯಾದ ಒಂದನೇ ಬಗೆಯದಾಗಿ ಬದಲಿಸುತ್ತವೆ. ದೊಡ್ಡ ಗಾಯವಾದರೆ ಈ ರಿಪೇರಿಯೇ ಒಂದು ಕಲೆಯಾಗಿ ಉಳಿಯುತ್ತದೆ. ಗಾಯ ಕೂದಲೆಳೆಯಷ್ಟು ಸಣ್ಣದಾಗಿ, ಸುತ್ತಲೂ ಆರೋಗ್ಯವಂತ ಚರ್ಮವಿದ್ದರೆ ಕಲೆ ಉಳಿಯುವುದಿಲ್ಲ, ನಾರು ಮಾತ್ರ ಉಳಿಯುತ್ತದೆ. ಮೈಕ್ರೋನೀಡ್ಲಿಂಗ್ ನಿಂತಿರುವುದು ಈ ಒಂದು ಜಾಣತನದ ಮೇಲೆ. ಮುಖದ ಚರ್ಮ ಪುನಶ್ಚೇತನಕ್ಕೆ ಬಳಸುವ ಲೇಸರ್‌ಗಳದ್ದೂ ಬಹುಪಾಲು ಇದೇ ಜಾಣತನ, ಅವು ಗಾಯವನ್ನು ಬಿಸಿಯಿಂದ ಮಾಡುತ್ತವೆ ಅಷ್ಟೇ.

ಸಲಕರಣೆಯ ಬಗ್ಗೆ ಒಂದು ಮಾತು. ಹಳೆಯದು ಉರುಳೆ, ಅಂದರೆ ಡರ್ಮಾರೋಲರ್: ಸಾಮಾನ್ಯವಾಗಿ 192 ಸೂಜಿಗಳು. ಉರುಳುವಾಗ ಪ್ರತಿ ಸೂಜಿಯೂ ಓರೆಯಾಗಿ ಹೊಕ್ಕು ಓರೆಯಾಗಿ ಹೊರಬರುವುದರಿಂದ ತೂತು ಕೊಂಚ ಸೀಳಿದಂತಾಗುತ್ತದೆ. ಈಗಿನದು ವಿದ್ಯುತ್ ಪೆನ್: ತುದಿಯಲ್ಲಿ ಬಿಸಾಡಬಹುದಾದ ಸೂಜಿಗಳ ಗೊಂಚಲು, ಹೊಲಿಗೆ ಯಂತ್ರದಂತೆ ನೇರವಾಗಿ ಇಳಿದೇಳುತ್ತದೆ. ಹಣೆಗೆ ಕಡಿಮೆ, ಕೆನ್ನೆಗೆ ಹೆಚ್ಚು ಎಂದು ಆಳವನ್ನು ತಿರುಗಿಸಿ ಹೊಂದಿಸಬಹುದು. ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ 0.5ರಿಂದ 2.5 ಮಿಲಿಮೀಟರ್‌ವರೆಗೆ ಹೋಗುತ್ತಾರೆ. ಕಲೆಗಳಿಗೆ ಆಳ ಹೆಚ್ಚು, ಬರೀ ಹೊಳಪಿಗೆ ಕಡಿಮೆ. ಆಳದ ಕೆಲಸದಲ್ಲಿ ಚುಕ್ಕಿ ಚುಕ್ಕಿಯಾಗಿ ರಕ್ತ ಕಾಣಿಸಿದರೆ 'ಸಾಕು' ಎಂದರ್ಥ.

ಬಣ್ಣ ಹುಡುಕಿಕೊಂಡು ಹೋಗುವ ಬೆಳಕು

ಮೊದಮೊದಲ ಲೇಸರ್‌ಗಳು ಒರಟು. ಸುಡಬೇಕಾದ್ದನ್ನೂ ಸುಡುತ್ತಿದ್ದವು, ಅಕ್ಕಪಕ್ಕದ್ದನ್ನೂ ಸುಡುತ್ತಿದ್ದವು. ಈ ಕಥೆ ಬದಲಾದದ್ದು 1983ರಲ್ಲಿ. ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ತತ್ವ ಮಂಡಿಸಿದರು. ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಬೇಗ ಕಾಯುತ್ತದೆ ಎಂಬ ದಿನನಿತ್ಯದ ಅನುಭವದಲ್ಲೇ ಅದರ ಅರ್ಧ ಇದೆ: ಯಾವ ವಸ್ತು ಯಾವ ಬಣ್ಣದ ಬೆಳಕನ್ನು ಹೆಚ್ಚು ಹೀರುತ್ತದೋ ಆ ಬಣ್ಣವನ್ನೇ ಆರಿಸಿ ಬಿಟ್ಟರೆ ಅದೊಂದೇ ಕಾಯುತ್ತದೆ, ನೆರೆಯವರು ತಣ್ಣಗಿರುತ್ತಾರೆ.

ಇನ್ನರ್ಧ ಸಮಯದ ವಿಚಾರ, ಹೆಚ್ಚಿನ ವಿವರಣೆಗಳಲ್ಲಿ ಬಿಟ್ಟುಹೋಗುವುದು ಇದೇ. ದೀಪದ ಕುಡಿಯಲ್ಲಿ ಬೆರಳನ್ನು ಸರ್ರನೆ ಆಡಿಸಿದರೆ ಸುಡುವುದಿಲ್ಲ, ನಿಧಾನಿಸಿದರೆ ಬೊಬ್ಬೆ ಬರುತ್ತದೆ. ಪ್ರತಿ ವಸ್ತುವಿಗೂ ತಾನು ಹೀರಿದ ಶಾಖವನ್ನು ಪಕ್ಕಕ್ಕೆ ದಾಟಿಸಲು ಇಂತಿಷ್ಟು ಹೊತ್ತು ಬೇಕು. ಆ ಹೊತ್ತಿನೊಳಗೆ ಬೆಳಕನ್ನು ಬಿಟ್ಟು ನಿಲ್ಲಿಸಿದರೆ ಶಾಖ ಅಲ್ಲೇ ಸಿಕ್ಕಿಬೀಳುತ್ತದೆ. ದಪ್ಪನೆಯ ಕೂದಲ ಬುಡಕ್ಕೆ ಹತ್ತಾರು ಮಿಲಿಸೆಕೆಂಡು ಸಿಗುತ್ತದೆ. ಮೆಲನಿನ್‌ನ ಕಣಕ್ಕೆ ಮೈಕ್ರೋಸೆಕೆಂಡಿಗೂ ಕಡಿಮೆ. ಹಾಗಾಗಿ ಬಣ್ಣದ ಕಲೆ ಮತ್ತು ಹಚ್ಚೆ ತೆಗೆಯುವ ಕ್ಯೂ-ಸ್ವಿಚ್ಡ್ ಲೇಸರ್‌ಗಳು ನ್ಯಾನೋಸೆಕೆಂಡುಗಳಲ್ಲಿ ಮಿಡಿಯುತ್ತವೆ, ಪಿಕೋ ಲೇಸರ್‌ಗಳು ಅದಕ್ಕೂ ಚಿಕ್ಕ ಮಿಡಿತದಲ್ಲಿ. ಒಂದೇ ಯಂತ್ರದಿಂದ ಕೂದಲೂ ಹಚ್ಚೆಯೂ ಸುಕ್ಕೂ ಮಾಯ ಎಂದು ಯಾರಾದರೂ ಹೇಳಿದರೆ ಈ ಗಡಿಯಾರವನ್ನು ನೆನಪಿಸಿಕೊಳ್ಳಿ.

ಚರ್ಮದಲ್ಲಿ ಬೆಳಕನ್ನು ಹೀರುವ ಮುಖ್ಯ ಗಿರಾಕಿಗಳು ಮೂವರು. ಮೊದಲನೆಯದು ರಕ್ತದ ಹಿಮೋಗ್ಲೋಬಿನ್. ಅದಕ್ಕೆ 585 ಅಥವಾ 595 ನ್ಯಾನೋಮೀಟರ್ ತರಂಗದುದ್ದದ ಹಳದಿ ಬೆಳಕು ಬಿಡುವ ಪಲ್ಸ್ಡ್ ಡೈ ಲೇಸರ್ ಇದೆ. ಹುಟ್ಟಿನಿಂದ ಬರುವ ದ್ರಾಕ್ಷಾರಸದ ಬಣ್ಣದ ಮಚ್ಚೆಗೆ, ಮೂಗಿನ ಬದಿಯಲ್ಲಿ ಕಾಣುವ ಕೆಂಪು ಎಳೆಗಳಿಗೆ ಬಳಸುವುದು ಅದನ್ನು. ಎರಡನೆಯದು ಮೆಲನಿನ್. ಅದು ನೇರಳಾತೀತದಿಂದ ಹಿಡಿದು ಅವಕೆಂಪಿನ ಆರಂಭದವರೆಗೆ ಎಲ್ಲವನ್ನೂ ಹೀರುತ್ತದೆ, ಆದರೆ ತರಂಗ ಉದ್ದವಾದಂತೆ ಅದರ ಹಸಿವು ಕಡಿಮೆಯಾಗುತ್ತದೆ. 694ರ ಮಾಣಿಕ್ಯ, 755ರ ಅಲೆಕ್ಸಾಂಡ್ರೈಟ್, 800ರ ಆಸುಪಾಸಿನ ಡಯೋಡ್, 1064ರ ಎನ್‌ಡಿ-ಯಾಗ್ ಲೇಸರ್‌ಗಳು ಈ ಸಾಲಿನವು. ಮೂರನೆಯದು ನೀರು. ಅದನ್ನು ಗುರಿಮಾಡುವವು 2940 ನ್ಯಾನೋಮೀಟರ್‌ನ ಅರ್ಬಿಯಂ-ಯಾಗ್ ಮತ್ತು 10,600ರ ಕಾರ್ಬನ್ ಡೈಆಕ್ಸೈಡ್ ಲೇಸರ್. ಚರ್ಮದ ಪ್ರತಿ ಕೋಶದಲ್ಲೂ ನೀರಿರುವುದರಿಂದ ಇವು ಮೇಲಿನ ಪದರವನ್ನು ಆವಿ ಮಾಡಿ ಹಾರಿಸಿಬಿಡುತ್ತವೆ. 1540–1550ರ ಸುಮಾರಿನ ಲೇಸರ್‌ಗಳ ಗುರಿಯೂ ನೀರೇ, ಆದರೆ ಅವು ಮೇಲ್ಪದರ ಹಾರಿಸದೆ ಒಳಗೆ ಮಾತ್ರ ಬೇಯಿಸುತ್ತವೆ.

ಹೀಗಾಗಿ 'ಲೇಸರ್ ಮಾಡಿಸಿಕೊಂಡೆ' ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. 'ಮಾತ್ರೆ ತಗೊಂಡೆ' ಎಂದಷ್ಟೇ ಅದು. ಯಾವ ಮಾತ್ರೆ? ಅಂದಹಾಗೆ, ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎಂದು ಕರೆಯುವುದು ಲೇಸರ್ ಅಲ್ಲವೇ ಅಲ್ಲ. ಅದು ಹಲವು ಬಣ್ಣಗಳ ಬೆಳಕನ್ನು ಫಿಲ್ಟರ್ ಹಾಕಿ ಮಿಂಚಿಸುವ ದೀಪ. ಬಿಳಿ ಚರ್ಮಕ್ಕೆ ಉಪಯೋಗವುಂಟು. ದಟ್ಟ ಮೈಬಣ್ಣದವರಿಗೆ ಅದೇ ಫ್ಲಾಶ್ ಬರೆ ಎಳೆದಂಥ ಗುರುತು ಬಿಡಬಹುದು.

ತೂತುಗಳ ನಡುವಿನ ಜಾಗ

1990ರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಇಡೀ ಮುಖದ ಮೇಲ್ಪದರವನ್ನೇ ತೆಗೆಯುವ ಪದ್ಧತಿ ಜೋರಾಗಿತ್ತು. ಫಲಿತಾಂಶ ಬೆರಗುಗೊಳಿಸುವಂತಿತ್ತು, ಅದಕ್ಕೆ ತೆರಬೇಕಾದ ಬೆಲೆಯೂ ಹಾಗೇ ಇತ್ತು. ಎರಡು ವಾರ ಹಸಿ ಗಾಯ, ತಿಂಗಳುಗಟ್ಟಲೆ ಕೆಂಪು, ಕೆಲವರಿಗೆ ಎಷ್ಟೋ ತಿಂಗಳ ಮೇಲೆ ಮೈಬಣ್ಣವೇ ಕಳೆದು ಶಾಶ್ವತ ಬಿಳಿಚು. ಇದಕ್ಕೆ ಪರಿಹಾರವಾಗಿ 2004ರಲ್ಲಿ ಡೀಟರ್ ಮಾನ್‌ಸ್ಟೈನ್ ಮತ್ತು ಸಂಗಡಿಗರು ತಂದದ್ದು ಫ್ರ್ಯಾಕ್ಷನಲ್ ವಿಧಾನ. ಕಿರಣವನ್ನು ಸೋಸಿದಂತೆ ಸಾವಿರಾರು ಸೂಕ್ಷ್ಮ ಚುಕ್ಕಿಗಳಾಗಿ ಒಡೆದು, ಚುಕ್ಕಿ ಚುಕ್ಕಿಯ ನಡುವೆ ಚರ್ಮವನ್ನು ಮುಟ್ಟದೆ ಬಿಡುವುದು. ಆ ಮುಟ್ಟದ ಚರ್ಮದಿಂದ ಕೋಶಗಳು ಸರಿದು ಬಂದು ಗಾಯವನ್ನು ಬೇಗ ಮುಚ್ಚುತ್ತವೆ.

ಸೂಜಿ ಮೊದಲಿನಿಂದ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಹಾಗಾಗಿ ಇಂದು ಮೈಕ್ರೋನೀಡ್ಲಿಂಗ್ ಮತ್ತು ಲೇಸರ್ ಎದುರಾಳಿಗಳಂತೆ ನಿಲ್ಲುವುದು ಬಹುತೇಕ ಈ ಒಂದೇ ಅಖಾಡದಲ್ಲಿ: ಸೂಜಿಯ ತೂತು ಮತ್ತು ಫ್ರ್ಯಾಕ್ಷನಲ್ ಲೇಸರ್‌ನ ತೂತು. ವ್ಯತ್ಯಾಸ ತೂತಿನ ಗೋಡೆಯಲ್ಲಿದೆ. ಸೂಜಿ ಅಂಗಾಂಶವನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಅದು ಯಾವುದನ್ನೂ ತೆಗೆದುಹಾಕುವುದಿಲ್ಲ, ಹೊರಬಂದ ಕೂಡಲೇ ತೂತು ಮುಚ್ಚಿಕೊಳ್ಳಲು ಶುರುವಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಕಿರಣ ಅಷ್ಟಗಲದ ಚರ್ಮವನ್ನು ನಿಜವಾಗಿಯೂ ಆವಿ ಮಾಡುತ್ತದೆ, ಸುತ್ತ ಒಂದು ಬೆಂದ ಅಂಚನ್ನೂ ಉಳಿಸುತ್ತದೆ. ಆ ಬೆಂದ ಅಂಚಿನಿಂದಾಗಿ ನಾರು ಥಟ್ಟನೆ ಕುಗ್ಗಿ ಬಿಗಿಯಾಗುತ್ತದೆ, ರಿಪೇರಿಯ ಕರೆ ಇನ್ನೂ ಗಟ್ಟಿಯಾಗಿ ಹೋಗುತ್ತದೆ. ಲೇಸರ್‌ನ ಬಲ ಅಲ್ಲಿದೆ, ಅದರ ತೊಡಕೂ ಅಲ್ಲೇ ಇದೆ.

ಕಂದು ಮೈಬಣ್ಣಕ್ಕೆ ಶಾಖದ ಲೆಕ್ಕ

ಚರ್ಮವೈದ್ಯರು ಮೈಬಣ್ಣವನ್ನು ಅಳೆಯಲು ಫಿಟ್ಜ್‌ಪ್ಯಾಟ್ರಿಕ್ ಎಂಬವರು 1975ರಲ್ಲಿ ಹೇಳಿದ, ಆಮೇಲೆ ಆರು ಬಗೆಗೆ ಬೆಳೆದ ಅಳತೆಗೋಲನ್ನು ಬಳಸುತ್ತಾರೆ. ಬಿಸಿಲಿಗೆ ಸದಾ ಸುಟ್ಟು ಕೆಂಪಾಗುವ ಬಿಳಿ ಚರ್ಮ ಒಂದನೆಯದು, ಎಂದೂ ಸುಡದ ಕಡುಕಪ್ಪು ಆರನೆಯದು. ಗೋಧಿಬಣ್ಣ, ಎಣ್ಣೆಗಪ್ಪು ಎಂದು ನಾವು ಕರೆಯುವ ಮೈಬಣ್ಣಗಳು ಹೆಚ್ಚಾಗಿ ನಾಲ್ಕು ಮತ್ತು ಐದರಲ್ಲಿ ಬೀಳುತ್ತವೆ. ಇವರ ಚರ್ಮ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಸುಕ್ಕು ತಡವಾಗಿ ಬರುತ್ತದೆ. ಆದರೆ ಒಂದು ಚಾಳಿ ಇದೆ: ಏನೇ ಉರಿಯೂತವಾದರೂ ಕಪ್ಪಾಗಿ ಉತ್ತರ ಕೊಡುವುದು. ಸೊಳ್ಳೆ ಕಚ್ಚಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿರುವುದು, ಮೊಡವೆ ಹೋದ ಮೇಲೂ ಅದರ ನೆರಳು ಉಳಿಯುವುದು ಇದರಿಂದಲೇ.

ಲೇಸರ್ ಇಲ್ಲಿ ಎರಡು ರೀತಿಯಲ್ಲಿ ಎಡವಬಹುದು. ಮೆಲನಿನ್ ಹೀರುವ ತರಂಗವಾದರೆ ಬೆಳಕು ಒಳಗಿನ ಗುರಿಯನ್ನು ತಲುಪುವ ಮೊದಲೇ ಮೇಲ್ಪದರದ ಮೆಲನಿನ್ ಅದನ್ನು ತಡೆದು ತಾನೇ ಕಾದುಬಿಡುತ್ತದೆ. ಆಗ ಬೊಬ್ಬೆ ಏಳುತ್ತದೆ, ಕಲೆ ಉಳಿಯುತ್ತದೆ. ದಟ್ಟ ಮೈಬಣ್ಣದವರ ಕೂದಲು ತೆಗೆಯಲು ಅನುಭವಿಗಳು 1064 ನ್ಯಾನೋಮೀಟರ್ ಕಡೆಗೆ ವಾಲುವುದು ಇದೇ ಕಾರಣಕ್ಕೆ: ಅಲ್ಲಿ ಮೆಲನಿನ್‌ನ ಹಸಿವು ಕಡಿಮೆ. ಇನ್ನು ನೀರನ್ನು ಗುರಿಮಾಡುವ ಲೇಸರ್‌ಗೆ ಮೈಬಣ್ಣ ಕಾಣುವುದೇ ಇಲ್ಲ, ಹಾಗಾದರೆ ಅದು ಸುರಕ್ಷಿತವಲ್ಲವೇ ಎಂದು ಕೇಳಬಹುದು. ಅಲ್ಲ. ಅದರ ಶಾಖ ಹುಟ್ಟಿಸುವ ಉರಿಯೂತವೇ ಮೆಲನಿನ್ ಕೋಶಗಳನ್ನು ಕೆರಳಿಸಲು ಸಾಕು. ಗುಳಿ ತುಂಬಲೆಂದು ಹೋದವರು ಗುಳಿ ಅರ್ಧ ತುಂಬಿಕೊಂಡು, ಮುಖದ ತುಂಬ ಕಂದು ಚೌಕಳಿ ಹೊತ್ತು ಬರುವುದು ಹೀಗೆ. ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ಮಾಸುತ್ತದೆ, ಆದರೆ ಆ ಕೆಲವು ತಿಂಗಳು ಬಲು ದೀರ್ಘ.

ಸೂಜಿಗೆ ಶಾಖವಿಲ್ಲ, ಹೊರಚರ್ಮವನ್ನು ಅದು ಬಹುತೇಕ ಹಾಗೇ ಬಿಡುತ್ತದೆ. ಆದ್ದರಿಂದ ಕಪ್ಪಾಗುವ ಅಪಾಯ ಕಡಿಮೆ. ಮೊಡವೆ ಗುಳಿಗಳಿಗೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳ ಒಟ್ಟು ಒಲವೂ ಹೀಗೇ ಇದೆ: ಸುಧಾರಣೆ ಎರಡರಲ್ಲೂ ಕಾಣುತ್ತದೆ, ಚರ್ಮ ಕಪ್ಪಾಗುವುದು ಲೇಸರ್ ಕಡೆಯಲ್ಲಿ ಹೆಚ್ಚು. 'ಅಪಾಯ ಕಡಿಮೆ' ಎಂದರೆ 'ಅಪಾಯವೇ ಇಲ್ಲ' ಎಂದಲ್ಲ. ಅತಿ ಆಳಕ್ಕೆ, ಅತಿ ಒತ್ತಡದಲ್ಲಿ, ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಉರುಳಿಸಿದ ಕಡೆ ರೈಲು ಹಳಿಯಂಥ ಸಾಲು ಸಾಲು ಕಲೆಗಳು ಉಳಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ.

ನನ್ನನ್ನು ಕೇಳಿದರೆ, ನಾಲ್ಕನೇ ಬಗೆಯಿಂದ ಮೇಲಿನ ಮೈಬಣ್ಣದವರು ಮೊಡವೆ ಗುಳಿಗೆ ಸೂಜಿಯಿಂದ ಶುರುಮಾಡುವುದು ಲೇಸು. ಅದು ಸಾಲದೆಹೋದರೆ ಲೇಸರ್ ಎಲ್ಲಿಗೂ ಓಡಿಹೋಗುವುದಿಲ್ಲ. ಲೇಸರ್‌ನಿಂದ ಕಪ್ಪಾದ ಮೇಲೆ ಹಿಂದಕ್ಕೆ ಹೋಗುವುದು ಮಾತ್ರ ಕಷ್ಟ.

ಯಾವ ತೊಂದರೆಗೆ ಯಾವುದು

ಮೊಡವೆಯ ಗುಳಿಗಳೆಲ್ಲ ಒಂದೇ ಅಲ್ಲ. ಅಲೆಯಲೆಯಾಗಿ ತಗ್ಗಿರುವವು, ಅಂಚು ಕಡಿದಂತಿರುವ ಅಗಲ ಗುಳಿಗಳು, ಉಳಿಯಿಂದ ಚುಚ್ಚಿದಂಥ ಕಿರಿದಾದ ಆಳದ ತೂತುಗಳು, ಹೀಗೆ ಮೂರು ಬಗೆ. ಅಲೆಯಂಥವಕ್ಕೂ ಆಳವಿಲ್ಲದ ಅಗಲ ಗುಳಿಗಳಿಗೂ ಸೂಜಿ ಚೆನ್ನಾಗಿ ಒಗ್ಗುತ್ತದೆ. ಅಲೆಯ ಕೆಳಗೆ ನಾರು ಜಗ್ಗುತ್ತಿದ್ದರೆ ಮೊದಲು ಸಬ್‌ಸಿಷನ್ ಮಾಡಿ ಬಿಡಿಸಬೇಕು. ಕಡಿದ ಅಂಚುಗಳನ್ನು ಹೆರೆದು ನಯ ಮಾಡುವುದರಲ್ಲಿ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಮೇಲುಗೈ. ಉಳಿ ಚುಚ್ಚಿದಂಥ ತೂತುಗಳ ಮುಂದೆ ಇಬ್ಬರೂ ಸೋಲುತ್ತಾರೆ. ಅವು ಇವೆರಡೂ ಮುಟ್ಟುವುದಕ್ಕಿಂತ ಆಳ. ಅಲ್ಲಿ ಟಿಸಿಎ ಎಂಬ ಆಮ್ಲವನ್ನು ಗಾಢವಾಗಿ ತೂತಿನೊಳಗೆ ಮಾತ್ರ ತಾಗಿಸುವ ಕ್ರಾಸ್ ವಿಧಾನ ಅಥವಾ ಆ ತೂತನ್ನೇ ಕತ್ತರಿಸಿ ತೆಗೆಯುವ ಸಣ್ಣ ಶಸ್ತ್ರಕ್ರಿಯೆ ಬೇಕಾಗುತ್ತದೆ. ಈ ಮೂರು ಬಗೆಯೂ ಒಂದೇ ಕೆನ್ನೆಯಲ್ಲಿರುವುದೇ ಹೆಚ್ಚು. ಆದ್ದರಿಂದ ಒಳ್ಳೆಯ ವೈದ್ಯರ ಯೋಜನೆ ಸಾಮಾನ್ಯವಾಗಿ ಕಲಸುಮೇಲೋಗರವಾಗಿಯೇ ಇರುತ್ತದೆ. ಒಂದೇ ಹೆಸರಿನ ಪ್ಯಾಕೇಜ್ ಮಾರುವವರ ಬಗ್ಗೆ ನನಗೆ ಅನುಮಾನ.

ಬಂಗು ಬೇರೆಯೇ ಪ್ರಾಣಿ. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹರಡುವ ಈ ಕಂದು ಛಾಯೆ ಬಿಸಿಲು, ಶಾಖ, ಹಾರ್ಮೋನು ಮೂರಕ್ಕೂ ಕೆರಳುತ್ತದೆ. ಬಣ್ಣದ ತೊಂದರೆಯಲ್ಲವೇ, ಬಣ್ಣ ಹುಡುಕುವ ಲೇಸರ್ ಸರಿಯಾದ ಮದ್ದಲ್ಲವೇ ಎಂದು ಅನ್ನಿಸುವುದು ಸಹಜ. ಜೋರಾದ ಲೇಸರ್ ಬಿದ್ದರೆ ಬಂಗು ಕೆಲವು ವಾರ ತಿಳಿಯಾಗಿ, ಆಮೇಲೆ ಮೊದಲಿಗಿಂತ ದಟ್ಟವಾಗಿ ಮರಳಿ ಬರುತ್ತದೆ. ಅದಕ್ಕಾಗಿ ಕಡಿಮೆ ಶಕ್ತಿಯಲ್ಲಿ ಮತ್ತೆ ಮತ್ತೆ ಮಾಡುವ 'ಲೇಸರ್ ಟೋನಿಂಗ್' ಬಂತು. ಅದನ್ನು ಅತಿಯಾಗಿ ಮಾಡಿಸಿಕೊಂಡವರಲ್ಲಿ ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಬಂದದ್ದುಂಟು, ಅವು ಹೋಗುವುದು ಬಲು ತಡ. ಬಂಗುವಿಗೆ ಮೊದಲ ಸಾಲಿನ ಮದ್ದು ಇಂದಿಗೂ ಹಚ್ಚುವ ಔಷಧಿ ಮತ್ತು ಸನ್‌ಸ್ಕ್ರೀನ್. ಕಣ್ಣಿಗೆ ಕಾಣುವ ಬೆಳಕು ಕೂಡ ಅದನ್ನು ಕೆರಳಿಸುವುದರಿಂದ ಐರನ್ ಆಕ್ಸೈಡ್ ಬೆರೆತ, ತುಸು ಬಣ್ಣವಿರುವ ಸನ್‌ಸ್ಕ್ರೀನ್ ಹೆಚ್ಚು ಪ್ರಯೋಜನಕಾರಿ. ಇದರ ಜೊತೆಗೆ ಆಳವಿಲ್ಲದ ಮೈಕ್ರೋನೀಡ್ಲಿಂಗ್ ಮಾಡಿ ಔಷಧಿಯನ್ನು ಒಳಗಿಳಿಸುವುದುಂಟು, ಆದರೆ ಅದು ಸಹಾಯಕ, ನಾಯಕನಲ್ಲ.

ಕೆಂಪು ರಕ್ತನಾಳ, ಬೇಡದ ಕೂದಲು, ಹಚ್ಚೆ, ಈ ಮೂರರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಲೇಸರ್ ಮಾತ್ರ. ಸೂಜಿಗೆ ಇವು ಯಾವುವೂ ಗೊತ್ತಿಲ್ಲ. ನೆರೆತ ಬಿಳಿ ಕೂದಲಿಗೆ ಲೇಸರ್ ಕೂಡ ಕುರುಡು, ಹೀರುವುದಕ್ಕೆ ಅಲ್ಲಿ ಬಣ್ಣವೇ ಇಲ್ಲವಲ್ಲ. ಸುಕ್ಕಿನ ವಿಷಯದಲ್ಲಿ ಕಣ್ಣಿನ ಸುತ್ತಲ ತೆಳು ಗೆರೆಗಳಿಗೆ ಎರಡೂ ನಡೆಯುತ್ತವೆ. ಬಿಸಿಲಿಗೆ ಬೆಂದು ದಪ್ಪನಾಗಿ ನೆರಿಗೆಗಟ್ಟಿದ ಬಿಳಿ ಚರ್ಮಕ್ಕೆ ಮೇಲ್ಪದರ ತೆಗೆಯುವ ಲೇಸರ್‌ಗೆ ಸರಿಸಾಟಿಯಾದದ್ದು ಸೂಜಿಯಲ್ಲಿಲ್ಲ.

ಇವೆರಡರ ನಡುವೆ ಒಂದು ಬೆರಕೆ ತಳಿಯೂ ಇದೆ: ರೇಡಿಯೋಫ್ರೀಕ್ವೆನ್ಸಿ ಮೈಕ್ರೋನೀಡ್ಲಿಂಗ್, ಜಾಹೀರಾತಿನ ಭಾಷೆಯಲ್ಲಿ ಎಂಎನ್‌ಆರ್‌ಎಫ್. ಸೂಜಿ ಒಳಹೋದ ಮೇಲೆ ಅದರ ತುದಿಯಿಂದ ರೇಡಿಯೋ ತರಂಗ ಹರಿಸಿ ಒಳಚರ್ಮವನ್ನು ಬಿಸಿ ಮಾಡುತ್ತದೆ. ಶಾಖ ಮೇಲ್ಪದರದ ಮೆಲನಿನ್ ಕೋಶಗಳನ್ನು ದಾಟಿ ಕೆಳಗೆ ಹುಟ್ಟುವುದರಿಂದ ಕಂದು ಚರ್ಮಕ್ಕೆ ಇದು ಬುದ್ಧಿವಂತ ಏರ್ಪಾಡು. ಆದರೆ ಆಳ ತಪ್ಪಿದರೆ ಆ ಶಾಖ ಚರ್ಮದಡಿಯ ಕೊಬ್ಬನ್ನು ಕರಗಿಸಬಲ್ಲದು, ಕೆನ್ನೆ ಒಳಸರಿದಂತೆ ಕಾಣತೊಡಗುತ್ತದೆ. ಸುಟ್ಟ ಗಾಯ, ನರಕ್ಕೆ ಪೆಟ್ಟು ಬಿದ್ದದ್ದೂ ಉಂಟು. 'ಸೂಜಿ ತಾನೇ, ಏನಾಗುತ್ತದೆ' ಎಂಬ ಸದರ ಇದರ ಜೊತೆ ಸಲ್ಲದು.

ನೋವು, ದಿನಗಳು, ಸರದಿಗಳು

ಮೈಕ್ರೋನೀಡ್ಲಿಂಗ್ ಮುಗಿದ ದಿನ ಮುಖ ಬಿಸಿಲಿಗೆ ಕೆಂಪಾದಂತಿರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಮೂರರಿಂದ ಆರು ಸರದಿ ಬೇಕಾಗುವುದು ವಾಡಿಕೆ. ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್‌ಗೆ ಸರದಿ ಕಡಿಮೆ, ಆದರೆ ಪ್ರತಿ ಸಲವೂ ಮುಖ ಊದಿ, ಕಂದು ಹಕ್ಕಳೆ ಕಟ್ಟಿ ಉದುರಲು ವಾರ ಹತ್ತು ದಿನ ಹಿಡಿಯುತ್ತದೆ, ಗುಲಾಬಿ ಛಾಯೆ ಇನ್ನೂ ಕೆಲವು ವಾರ ಉಳಿಯುತ್ತದೆ. ಮೇಲ್ಪದರ ಹಾರಿಸದ ಲೇಸರ್‌ಗಳು ಈ ಎರಡರ ನಡುವೆ. ಎಲ್ಲದಕ್ಕೂ ಮುಂಚೆ ಲಿಗ್ನೋಕೇನ್ ಬೆರೆತ ಮರಗಟ್ಟಿಸುವ ಕ್ರೀಮ್ ಹಚ್ಚಿ ಕೂರಿಸುತ್ತಾರೆ. ಅದನ್ನು ಮುಖ, ಕತ್ತು, ಬೆನ್ನು ಎಂದು ದೊಡ್ಡ ಜಾಗಕ್ಕೆ ದಪ್ಪಗೆ ಹಚ್ಚಿ ಗಂಟೆಗಟ್ಟಲೆ ಪ್ಲಾಸ್ಟಿಕ್‌ನಿಂದ ಮುಚ್ಚಿಟ್ಟರೆ ಔಷಧಿ ರಕ್ತಕ್ಕೆ ಸೇರಿ ಹೃದಯ, ಮಿದುಳಿಗೆ ತೊಂದರೆ ಮಾಡಬಹುದು. ಮನೆಯಲ್ಲೇ ಹಚ್ಚಿಕೊಂಡು ಬನ್ನಿ ಎಂದರೆ ಎಷ್ಟು, ಎಷ್ಟು ಹೊತ್ತು ಎಂದು ಕೇಳಿ.

ಲೇಸರ್ ಕೋಣೆಯಲ್ಲಿ ಕಣ್ಣಿಗೆ ರಕ್ಷಣೆ ಕಡ್ಡಾಯ, ಅದೂ ಆಯಾ ತರಂಗಕ್ಕೆ ತಕ್ಕ ಕನ್ನಡಕ. ಕಾರ್ಬನ್ ಡೈಆಕ್ಸೈಡ್ ಕಿರಣ ಕಣ್ಣಿನ ಹೊರಪಾರೆಯನ್ನು (ಕಾರ್ನಿಯಾ) ಸುಡುತ್ತದೆ. 1064ರ ಕಿರಣ ಪಾರೆಯನ್ನು ಸದ್ದಿಲ್ಲದೆ ದಾಟಿ ಒಳಗಿನ ರೆಟಿನಾವನ್ನು ಸುಡುತ್ತದೆ, ಅದೂ ಕಣ್ಣಿಗೆ ಕಾಣದೆ.

ಮನೆಯ ರೋಲರ್, ಹೊರಗಿನ ಸೂಜಿ

ಆನ್‌ಲೈನಿನಲ್ಲಿ ಸಿಗುವ 0.2–0.3 ಮಿಲಿಮೀಟರಿನ ರೋಲರ್‌ಗಳು ಹೆಚ್ಚುಕಮ್ಮಿ ಮೇಲ್ಪದರವನ್ನಷ್ಟೇ ಕೆದಕುತ್ತವೆ. ಹಚ್ಚಿದ್ದನ್ನು ಒಳಕ್ಕೆ ಬಿಡಲು ಅಷ್ಟು ಸಾಕು, ಗುಳಿ ತುಂಬಲು ಸಾಲದು. ಉದ್ದ ಸೂಜಿಯದನ್ನು ಕೊಂಡು ತಾವೇ ಉಜ್ಜಿಕೊಳ್ಳುವವರೂ ಇದ್ದಾರೆ. ದಯವಿಟ್ಟು ಬೇಡ. ಕೆಲವು ಬಳಕೆಯಲ್ಲಿ ಸೂಜಿಯ ತುದಿ ಮೊಂಡಾಗಿ ಬಾಗುತ್ತದೆ, ಆಮೇಲೆ ಅದು ಚುಚ್ಚುವುದಿಲ್ಲ, ಗೀರುತ್ತದೆ. ಮೊಡವೆಯ ಕೀವನ್ನು ಮುಖವೆಲ್ಲ ಉತ್ತು ಬಿತ್ತುವುದಕ್ಕೂ ಅದು ಚೆನ್ನಾಗಿ ಒದಗುತ್ತದೆ. ಇನ್ನೊಂದು ಅಪಾಯ ಮೇಲೆ ಹಚ್ಚುವ ಸೀರಮ್‌ನದು. ಹೊರಚರ್ಮದ ಮೇಲೆ ನಿರಪಾಯಕಾರಿಯಾದ ವಿಟಮಿನ್ ಸಿ ಸೀರಮ್ ಅನ್ನು ಹಚ್ಚಿ ಸೂಜಿ ಚುಚ್ಚಿದಾಗ ಅದು ಒಳಚರ್ಮ ಸೇರಿ, ಮೈ ಅದನ್ನು ಶತ್ರುವೆಂದು ಬಗೆದು ಮುಖದಲ್ಲಿ ಗಂಟುಗಳೆದ್ದ ಪ್ರಕರಣಗಳು 2014ರಲ್ಲಿ ವರದಿಯಾದವು. ತೂತುಗಳು ತೆರೆದಿರುವಾಗ ಒಳಹೋಗುವುದು ಕ್ರೀಮ್ ಅಲ್ಲ, ಹೆಚ್ಚುಕಮ್ಮಿ ಇಂಜೆಕ್ಷನ್. ಅಷ್ಟೇ ಶುದ್ಧಿ ಬೇಕು.

ಶುದ್ಧಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋದ ಘಟನೆ ನೋಡಿ. ಮೈಕ್ರೋನೀಡ್ಲಿಂಗ್ ಮಾಡಿ, ಗಿರಾಕಿಯದೇ ರಕ್ತದಿಂದ ಬೇರ್ಪಡಿಸಿದ, ಪ್ಲೇಟ್‌ಲೆಟ್ ದಟ್ಟವಾಗಿರುವ ಪಿಆರ್‌ಪಿ ದ್ರವ ಸವರುವ 'ವ್ಯಾಂಪೈರ್ ಫೇಷಿಯಲ್' ಮಾಡುತ್ತಿದ್ದ, ಪರವಾನಗಿಯಿಲ್ಲದ ಸ್ಪಾ ಒಂದರ ಗಿರಾಕಿಗಳಲ್ಲಿ 2018ರಿಂದಾಚೆಗೆ ಎಚ್‌ಐವಿ ಸೋಂಕು ಪತ್ತೆಯಾಯಿತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ಅದರ ವರದಿ ಪ್ರಕಟಿಸಿತು. ಸೋಂಕಿನ ಮೂಲ ನಿಖರವಾಗಿ ತಿಳಿಯಲಿಲ್ಲ, ಆದರೆ ತಪ್ಪು ಆ ವಿಧಾನದ್ದಲ್ಲ, ಅಲ್ಲಿ ಶುದ್ಧಿಯಿಲ್ಲದೆ, ಒಮ್ಮೆ ಬಳಸಿ ಬಿಸಾಡಬೇಕಾದ್ದನ್ನು ಮತ್ತೆ ಬಳಸಿದ್ದರದ್ದು ಎಂದೇ ತೋರುತ್ತದೆ. ಸೂಜಿಯ ತುದಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಕೆಲಸ ಮುಗಿದ ಮೇಲೆ ಕಣ್ಣೆದುರೇ ಬಿಸಾಡಬೇಕು. ಇದನ್ನು ಕೇಳಲು ಸಂಕೋಚ ಬೇಡ.

ಯಾರು ಸ್ವಲ್ಪ ತಡೆಯಬೇಕು

ಮೊಡವೆ ಇನ್ನೂ ಕೆರಳಿರುವವರು, ಚರ್ಮದಲ್ಲಿ ಸೋಂಕಿರುವವರು, ಗಾಯವಾದಲ್ಲೆಲ್ಲ ಕೆಲಾಯ್ಡ್ ಗಡ್ಡೆ ಬೆಳೆಯುವವರು ಇವೆರಡರಿಂದಲೂ ದೂರವಿರುವುದು ಒಳಿತು. ತೊನ್ನು ಅಥವಾ ಸೋರಿಯಾಸಿಸ್ ಸಕ್ರಿಯವಾಗಿದ್ದರೆ ಗಾಯವಾದ ಜಾಗದಲ್ಲಿ ಅದೇ ರೋಗ ಹೊಸದಾಗಿ ಮೂಡಬಹುದು. ತುಟಿಯ ಅಂಚಿನಲ್ಲಿ ಆಗಾಗ ಹರ್ಪಿಸ್ ಗುಳ್ಳೆ ಏಳುವವರಿಗೆ ಮುಂಚೆಯೇ ವೈರಾಣು ತಡೆಯುವ ಮಾತ್ರೆ ಬೇಕು. ಮೇಲ್ಪದರ ತೆಗೆಯುವ ಲೇಸರ್ ಆದರೆ ಇದು ಇನ್ನೂ ಮುಖ್ಯ, ಇಲ್ಲದಿದ್ದರೆ ಆ ಗುಳ್ಳೆ ಹಸಿ ಮುಖದ ತುಂಬ ಹರಡೀತು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಮೊಡವೆಗೆ ಐಸೋಟ್ರೆಟಿನಾಯಿನ್ ನುಂಗುತ್ತಿರುವವರಿಗೆ 'ಆರು ತಿಂಗಳು ಏನೂ ಮುಟ್ಟಬೇಡಿ' ಎಂಬ ಹಳೆಯ ಕಟ್ಟಳೆ ಇತ್ತು. 2017ರಲ್ಲಿ ಅಮೆರಿಕದ ಚರ್ಮ ಶಸ್ತ್ರವೈದ್ಯರ ಸಂಘ ಪುರಾವೆಗಳನ್ನು ಮತ್ತೆ ಜಾಲಾಡಿ, ಹಗುರ ವಿಧಾನಗಳಿಗೆ ಅಷ್ಟು ಕಾಯಬೇಕೆನ್ನಲು ಆಧಾರ ಸಾಲದು, ಇಡೀ ಮುಖದ ಮೇಲ್ಪದರ ತೆಗೆಯುವ ಲೇಸರ್ ಮಾತ್ರ ಬೇಡ ಎಂದು ತಿದ್ದಿತು.

ವೈದ್ಯರ ಎದುರು ಕೂತಾಗ ಕೇಳಬೇಕಾದ್ದು 'ಲೇಸರ್ ಇದೆಯೇ' ಎಂದಲ್ಲ. ಯಾವ ಲೇಸರ್, ಎಷ್ಟು ನ್ಯಾನೋಮೀಟರ್, ನನ್ನ ಮೈಬಣ್ಣ ಎಷ್ಟನೆಯ ಬಗೆ, ಅಂಥ ಮೈಬಣ್ಣದವರಿಗೆ ಮಾಡಿದ ಚಿತ್ರಗಳಿವೆಯೇ, ಕಿವಿಯ ಹಿಂದೆಯೋ ದವಡೆಯ ಅಂಚಿಗೋ ಒಂದು ಚೂರು ಮಾಡಿ ಕೆಲವು ವಾರ ಕಾದು ನೋಡೋಣವೇ? ಸೂಜಿಯಾದರೆ ಎಷ್ಟು ಆಳ, ಏಕೆ? ಕೈಯಾಡಿಸುವವರು ಯಾರು, ವೈದ್ಯರೋ ಸಹಾಯಕರೋ? ಈ ಪ್ರಶ್ನೆಗಳಿಗೆ ಸಿಡುಕುವವರ ಹತ್ತಿರ ಮುಖ ಒಪ್ಪಿಸಬೇಕಾಗಿಲ್ಲ.

ಚಿತ್ರದ ಮಾತು ಬಂದಿದ್ದರಿಂದ ಇದೊಂದು. ಸೂಜಿಯಾಗಲಿ ಲೇಸರ್ ಆಗಲಿ, ಮುಗಿದ ವಾರದಲ್ಲಿ ಮುಖ ತುಸು ಊದಿರುತ್ತದೆ, ಆ ಊತವೇ ಗುಳಿಗಳನ್ನು ತುಂಬಿದಂತೆ ತೋರಿಸುತ್ತದೆ. 'ಅದ್ಭುತ ಫಲಿತಾಂಶ' ಎಂದು ತೋರಿಸುವ ಎಷ್ಟೋ ಚಿತ್ರಗಳು ಆ ವಾರದವು. ಮೂರನೇ ವಾರಕ್ಕೆ ಊತ ಇಳಿದು, ದುಡ್ಡೆಲ್ಲ ನೀರಿಗೆ ಹೋಯಿತು ಎನ್ನಿಸುತ್ತದೆ. ನೇಕಾರ ಕೋಶಗಳು ಅಷ್ಟರಲ್ಲಿ ಕೆಲಸಕ್ಕೆ ಕೂತಿರುತ್ತವೆ ಅಷ್ಟೇ. ಮೊದಲ ದಿನವೇ ಒಂದು ಕಿಟಕಿಯ ಪಕ್ಕ ನಿಂತು, ಬೆಳಕು ಓರೆಯಾಗಿ ಬೀಳುವಂತೆ ಒಂದು ಫೋಟೋ ತೆಗೆದಿಡಿ. ಕೊನೆಯ ಸರದಿಯಾಗಿ ಮೂರು ತಿಂಗಳ ಮೇಲೆ ಅದೇ ಕಿಟಕಿ, ಅದೇ ಹೊತ್ತು, ಅದೇ ಓರೆಯಲ್ಲಿ ಇನ್ನೊಂದು ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ.